ಉಸಿರೇ ಸಾಲದ ಎತ್ತರದಲ್ಲಿ ಯುದ್ಧ: ಲಡಾಖ್ ಸ್ಕೌಟ್ಸ್ ಹುಟ್ಟಿ ಬೆಳೆದ ಕಥೆ

ಬೆಟ್ಟದ ಮೇಲೆ ಕೂತವನಿಗೆ ಬಲ ಜಾಸ್ತಿ. ಇದನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಚಿಕ್ಕಬಳ್ಳಾಪುರದಿಂದ ತುಮಕೂರಿನವರೆಗೆ ಒಂದು ಸುತ್ತು ಹಾಕಿ ಬನ್ನಿ. ನಂದಿ, ಗುಡಿಬಂಡೆ, ಚನ್ನರಾಯನದುರ್ಗ, ಮಧುಗಿರಿ, ಪಾವಗಡ. ಕಡಿದಾದ ಬಂಡೆ ಕಂಡಲ್ಲೆಲ್ಲ ಯಾರೋ ಒಬ್ಬ ಪಾಳೇಗಾರ ಕೋಟೆ ಕಟ್ಟಿದ್ದಾನೆ.

1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನ ನಂದಿದುರ್ಗಕ್ಕೆ ಮುತ್ತಿಗೆ ಹಾಕಿತು. ಫಿರಂಗಿ, ಮದ್ದುಗುಂಡು, ಜನ ಎಲ್ಲವೂ ಅವರ ಹತ್ತಿರ ಧಾರಾಳವಾಗಿತ್ತು. ಆದರೂ ಮೂರು ವಾರ ಹಿಡಿಯಿತು. ಫಿರಂಗಿಗಳನ್ನು ಇಳಿಜಾರಿನಲ್ಲಿ ಮೇಲಕ್ಕೆ ಎಳೆದು, ಗೋಡೆ ಒಡೆದು, ಅಕ್ಟೋಬರ್ 19ರಂದು ಒಳಗೆ ನುಗ್ಗಿದರು. ಕೋಟೆಯವರು ಆಗ ಹೆಚ್ಚಾಗಿ ನಂಬಿಕೊಂಡಿದ್ದು ಬಂದೂಕನ್ನಲ್ಲ, ಮೇಲಿನಿಂದ ಉರುಳಿಸಿದ ಬಂಡೆಗಳನ್ನು. ಬೆಟ್ಟದ ಯುದ್ಧದಲ್ಲಿ ಕಲ್ಲೂ ಆಯುಧವೇ.

ಹಿಮಾಲಯದಲ್ಲೂ ಈ ಲೆಕ್ಕ ಇದೆ. ಬಯಲಲ್ಲಿ ಒಬ್ಬ ಅವಿತು ಕೂತಿದ್ದರೆ ಅವನ ಮೇಲೆ ಬೀಳಲು ಮೂವರು ಬೇಕು ಅನ್ನುವುದು ಸೈನ್ಯದ ಹಳೇ ಲೆಕ್ಕಾಚಾರ. ಪರ್ವತದಲ್ಲಿ ಆರು ಮಂದಿ ಬೇಕು, ಕೆಲವು ಕಡೆ ಒಂಬತ್ತು ಮಂದಿಯೂ ಸಾಲದು. ಆದರೆ ಇಳಿಜಾರು ಅನ್ನುವುದು ಅರ್ಧ ಕಥೆ ಮಾತ್ರ. ಉಳಿದರ್ಧ ನಂದಿಯಲ್ಲೂ ಇಲ್ಲ, ಮಧುಗಿರಿಯಲ್ಲೂ ಇಲ್ಲ. ಅದು ಗಾಳಿಯ ಕಥೆ. ಇಳಿಜಾರನ್ನು ಧೈರ್ಯದಿಂದಲೋ ಫಿರಂಗಿಯಿಂದಲೋ ಗೆಲ್ಲಬಹುದು. ಗಾಳಿಯನ್ನು ಗೆಲ್ಲಲು ದಿನಗಳು ಬೇಕು, ಬೇರೆ ದಾರಿಯೇ ಇಲ್ಲ. ಭಾರತದ ಸೈನ್ಯ ಇದನ್ನು ಕಲಿತಿದ್ದು ತುಂಬಾ ಬೆಲೆ ಕೊಟ್ಟು. ಲಡಾಖ್ ಸ್ಕೌಟ್ಸ್ ಅನ್ನುವ ಪಡೆ ಹುಟ್ಟಿದ್ದೂ ಅದೇ ಕಾರಣಕ್ಕೆ.

ಮೊದಲು ಎತ್ತರದ ಅಂದಾಜು ಮಾಡಿಕೊಳ್ಳೋಣ. ನಂದಿ ಬೆಟ್ಟದ ತುದಿ ಸಮುದ್ರ ಮಟ್ಟದಿಂದ 1,478 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರ ತೀರದಲ್ಲಿ ಇರುವುದರ ಸುಮಾರು ಶೇಕಡ 84ರಷ್ಟು ಇರುತ್ತದೆ. ನಮಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು ಬರುವುದು ಮೆಟ್ಟಿಲಿನಿಂದ, ಗಾಳಿಯಿಂದಲ್ಲ. ಲಡಾಖಿನ ಲೇಹ್ ಊರು ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ಒತ್ತಡ ಶೇಕಡ 65ಕ್ಕೆ ಇಳಿಯುತ್ತದೆ. 5,500 ಮೀಟರ್‌ಗೆ ಹೋದರೆ ಸರಿಯಾಗಿ ಅರ್ಧ. ಸಿಯಾಚಿನ್ ಹಿಮನದಿಯ ಎಷ್ಟೋ ಸೇನಾ ಪೋಸ್ಟ್‌ಗಳು ಇದಕ್ಕಿಂತ ಮೇಲಿವೆ.

ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆ ಒಂದೇ, ಶೇಕಡ 21. ಕಮ್ಮಿಯಾಗುವುದು ಒತ್ತಡ. ನಮ್ಮ ಕಡೆ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತುತ್ತಾ ಬಂದಾಗ ಏನಾಗುತ್ತದೆ ನೋಡಿದ್ದೀರಿ. ಮೋಟರ್ ಅದೇ, ಓಡುವ ವೇಗವೂ ಅದೇ, ಪೈಪಿನಲ್ಲಿ ಬರುವ ನೀರು ಮಾತ್ರ ಅರ್ಧ. ಎತ್ತರದಲ್ಲಿ ಶ್ವಾಸಕೋಶದ ಪಾಡೂ ಅದೇ. ಎಷ್ಟು ಎಳೆದರೂ ಸಾಲುವುದಿಲ್ಲ. ಮೊದಲು ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು. ಹಾಗೇ ಬಿಟ್ಟು ಇನ್ನೂ ಮೇಲೆ ಹತ್ತಿದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಸೈನ್ಯದಲ್ಲಿ ಇದಕ್ಕೆ ಹೇಪೋ ಅನ್ನುತ್ತಾರೆ. ಬೇಗ ಕೆಳಗೆ ಇಳಿಸದಿದ್ದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಇದು ಇಪ್ಪತ್ತರ ಹರೆಯದ, ಗಟ್ಟಿಮುಟ್ಟಾದ ಹುಡುಗನಿಗೂ ಬರುತ್ತದೆ. ಓಟದಲ್ಲಿ ಮೊದಲು ಬರುವವನಿಗೆ ಬರಲ್ಲ ಅನ್ನುವ ಹಾಗಿಲ್ಲ. ನಿಜ ಹೇಳಬೇಕೆಂದರೆ ಚುರುಕಿನ ಹುಡುಗರಿಗೇ ಅಪಾಯ ಜಾಸ್ತಿ. ಸುಸ್ತಾಗಿದೆ ಅಂತ ಒಪ್ಪಿಕೊಳ್ಳದೆ ಅವರು ಮುಂದೆ ಹೋಗಿಬಿಡುತ್ತಾರೆ.

ದೇಹ ಹೊಂದಿಕೊಳ್ಳುತ್ತದೆ, ಆದರೆ ತನ್ನ ಗತಿಯಲ್ಲಿ. ಉಸಿರಾಟ ಜೋರಾಗುತ್ತದೆ, ಆಮೇಲೆ ರಕ್ತದಲ್ಲಿ ಹಿಮೋಗ್ಲೋಬಿನ್ ಏರುತ್ತದೆ. ಅದಕ್ಕೂ ಮಿತಿ ಇದೆ. ತಿಂಗಳುಗಟ್ಟಲೆ ಮೇಲೇ ಇದ್ದರೆ ಬಯಲುಸೀಮೆಯವರ ರಕ್ತ ಮಂದವಾಗಿ ಹೆಪ್ಪುಗಟ್ಟುವ ಭಯ ಇರುತ್ತದೆ. ಟಿಬೆಟ್ ಮೂಲದ ಜನರಲ್ಲಿ ಮಾತ್ರ ಬೇರೆ ವ್ಯವಸ್ಥೆ. ಇಪಿಎಎಸ್1 ಅನ್ನುವ ವಂಶವಾಹಿಯ ಒಂದು ವಿಶೇಷ ರೂಪ ಅವರಲ್ಲಿ ಇರುವುದರಿಂದ ಹಿಮೋಗ್ಲೋಬಿನ್ ವಿಪರೀತ ಏರದೆಯೇ ಅವರು ಅಲ್ಲಿ ಬದುಕುತ್ತಾರೆ ಅಂತ 2010ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. 1948ರಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಆದರೆ ಲಡಾಖಿಗಳು ಅಲ್ಲಿ ಆರಾಮಾಗಿ ಓಡಾಡುವುದು ಎಲ್ಲರಿಗೂ ಕಾಣುತ್ತಿತ್ತು.

ಲೇಹ್ ಉಳಿದ ವರ್ಷ

1948ರ ಚಳಿಗಾಲ. ಕಾಶ್ಮೀರದಲ್ಲಿ ಪಾಕಿಸ್ತಾನದ ಜೊತೆ ಯುದ್ಧ ನಡೆಯುತ್ತಿತ್ತು. ಲೇಹ್‌ನಲ್ಲಿ ಹೆಚ್ಚುಕಮ್ಮಿ ಸೈನ್ಯವೇ ಇರಲಿಲ್ಲ. ದಾರಿಯಲ್ಲಿ ಜೋಜಿ ಲಾ ಎಂಬ ಬೆಟ್ಟ ದಾಟುವ ಕಣಿವೆದಾರಿ (‘ಲಾ’ ಅಂದರೆ ಅಂಥ ದಾರಿ) ಹಿಮದಿಂದ ಮುಚ್ಚಿಕೊಂಡಿತ್ತು. ಹಿಮಾಚಲದ ಲಾಹೌಲ್ ಕಡೆಯ ಅಧಿಕಾರಿ ಪೃಥಿ ಚಂದ್ ಫೆಬ್ರವರಿಯಲ್ಲಿ ಒಂದು ಸಣ್ಣ ತಂಡ ಕಟ್ಟಿಕೊಂಡು, ಬಂದೂಕು ಹೊರಿಸಿಕೊಂಡು, ಆ ಹಿಮದಲ್ಲೇ ಕಣಿವೆ ದಾಟಿ ಮಾರ್ಚ್ ಹೊತ್ತಿಗೆ ಲೇಹ್ ತಲುಪಿದರು. ಚಳಿಗಾಲದಲ್ಲಿ ಜೋಜಿ ಲಾ ದಾಟುವುದು ಅಂದರೆ ಹುಚ್ಚು ಸಾಹಸ ಅಂತಲೇ ಆಗ ಎಲ್ಲರ ಅಭಿಪ್ರಾಯ. ತಾವೂ ಬೆಟ್ಟದ ಮಕ್ಕಳೇ ಆಗಿದ್ದರಿಂದ ಅವರಿಗೆ ಅದು ಸಾಧ್ಯವಾಯಿತು.

ಬಂದವರು ಊರಿನ ಹುಡುಗರಿಗೆ ಬಂದೂಕು ಹಿಡಿಯುವುದು ಕಲಿಸಿದರು. ಸೋನಮ್ ನೊರ್ಬು ಎಂಬ ಲಡಾಖಿ ಎಂಜಿನಿಯರ್ ಕೆಲವೇ ವಾರಗಳಲ್ಲಿ ಸಿಂಧೂ ನದಿಯ ಪಕ್ಕ ಒಂದು ಕಚ್ಚಾ ರನ್‌ವೇ ಮಾಡಿಸಿದರು. ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಅದರ ಮೇಲೆ ಡಕೋಟ ವಿಮಾನ ಇಳಿಸಿದರು. ಆ ವಿಮಾನದಲ್ಲಿ ಜೊತೆಗಿದ್ದವರು ನಮ್ಮ ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ, ಆಗ ಕಾಶ್ಮೀರದಲ್ಲಿ ಡಿವಿಷನ್ ಕಮಾಂಡರ್. ಈ ಹೆಸರು ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಲೇಹ್‌ನಿಂದ ಉತ್ತರಕ್ಕೆ ನುಬ್ರಾ ಕಣಿವೆ. ಅಲ್ಲಿನ ಸುಮೂರ್ ಊರಿನ ಚೆವಾಂಗ್ ರಿಂಚೆನ್‌ಗೆ ಆಗ 17 ವರ್ಷ. ನಮ್ಮಲ್ಲಿ ಪಿಯುಸಿ ಓದುವ ವಯಸ್ಸು. ಅವನು ತನ್ನ ಕಣಿವೆಯ 28 ಹುಡುಗರನ್ನು ಸೇರಿಸಿದ. ನುಬ್ರಾ ಗಾರ್ಡ್ಸ್ ಅಂತ ಹೆಸರಾಯಿತು. ಪೂರಾ ಸಮವಸ್ತ್ರವೂ ಇರಲಿಲ್ಲ, ಪೂರಾ ತರಬೇತಿಯೂ ಇರಲಿಲ್ಲ. ಆದರೆ ಯಾವ ತೊರೆ ಯಾವಾಗ ಹೆಪ್ಪುಗಟ್ಟುತ್ತದೆ, ಯಾವ ಇಳಿಜಾರಿನಲ್ಲಿ ಹಿಮ ಜಾರುತ್ತದೆ ಅನ್ನುವುದು ಗೊತ್ತಿತ್ತು. ಅವರು ವಾರಗಟ್ಟಲೆ ಮುಂಚೂಣಿ ಹಿಡಿದುಕೊಂಡು ನಿಂತರು. ಡಿಸೆಂಬರ್‌ನಲ್ಲಿ ಮೂರು ದಿನ ಹಿಮದಲ್ಲಿ ನಡೆದು ಹೋಗಿ ಒಂದು ಗುಡ್ಡ ವಶಪಡಿಸಿಕೊಂಡರು. ಅಷ್ಟೊತ್ತಿಗೆ ತುಕಡಿಯ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಹಿಮಕಡಿತ ಆಗಿತ್ತು. ಇಲ್ಲೊಂದು ಮಾತು ಗಮನಿಸಬೇಕು. ಅಲ್ಲೇ ಹುಟ್ಟಿದವರಿಗೂ ಹಿಮ ಸುಮ್ನೆ ಬಿಡುವುದಿಲ್ಲ. ಗಾಳಿಗೆ ದೇಹ ಹೊಂದಿಕೊಳ್ಳಬಹುದು, ಚಳಿಗೆ ಬೂಟು, ಕೈಗವಸು ಬೇಕೇ ಬೇಕು. ರಿಂಚೆನ್‌ಗೆ ಮಹಾವೀರ ಚಕ್ರ ಸಿಕ್ಕಿತು. ಆ ಪದಕ ಪಡೆದವರಲ್ಲಿ ಅವರೇ ಅತಿ ಕಿರಿಯರು.

ಅದೇ ವರ್ಷ ನವೆಂಬರ್ 1ರಂದು ತಿಮ್ಮಯ್ಯ ಇನ್ನೊಂದು ಕೆಲಸ ಮಾಡಿದರು. ಸುಮಾರು 3,500 ಮೀಟರ್ ಎತ್ತರದ ಜೋಜಿ ಲಾಗೆ ಟ್ಯಾಂಕ್ ಹತ್ತಿಸಿದರು. ಎದುರಿನವರು ಕನಸಲ್ಲೂ ಎಣಿಸಿರಲಿಲ್ಲ. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳು ಹೋಗಲು ದಾರಿ ಕಡಿದವರು ಮದ್ರಾಸ್ ಸ್ಯಾಪರ್ಸ್, ಅಂದರೆ ಬೆಂಗಳೂರಿನ ಹಲಸೂರು ಕೆರೆ ಪಕ್ಕ ಕೇಂದ್ರ ಇರುವ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್). ಪರ್ವತ ಯುದ್ಧದ ಕಥೆಯಲ್ಲಿ ರಸ್ತೆ ಮಾಡಿದವರ ಹೆಸರು ಯಾವಾಗಲೂ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ನನ್ನ ಪ್ರಕಾರ ಅದು ಮೇಲಿರಬೇಕು. ಆ ದಾರಿ ಇಲ್ಲದಿದ್ದರೆ ಟ್ಯಾಂಕೂ ಇಲ್ಲ, ಜೋಜಿ ಲಾನೂ ಇಲ್ಲ.

ಡಿಸೆಂಬರ್‌ನಲ್ಲಿ ಗುಲ್ಮಾರ್ಗ್‌ನಲ್ಲಿ ತಿಮ್ಮಯ್ಯ ಒಂದು ಪುಟ್ಟ ಸ್ಕೀ ಶಾಲೆ ಶುರು ಮಾಡಿಸಿದರು. ಹಿಮದಲ್ಲಿ ಜಾರುವುದು, ನಡೆಯುವುದು, ಬದುಕುವುದನ್ನು ಸೈನಿಕರಿಗೆ ಕಲಿಸುವ ಜಾಗ. ಮುಂದೆ ಅದೇ ದೊಡ್ಡದಾಗಿ 1962ರ ಏಪ್ರಿಲ್‌ನಲ್ಲಿ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಯಿತು. ಸೈನಿಕರ ಬಾಯಲ್ಲಿ ಅದು ‘ಹಾಸ್’. ಇವತ್ತು ಬೇರೆ ದೇಶಗಳ ಸೈನಿಕರೂ ಅಲ್ಲಿಗೆ ಕಲಿಯಲು ಬರುತ್ತಾರೆ.

ಹೀಗೆ ಒಂದೇ ವರ್ಷದಲ್ಲಿ ಎರಡು ಉತ್ತರ ಸಿಕ್ಕಿದ್ದವು. ಒಂದು, ಅಲ್ಲೇ ಹುಟ್ಟಿದವರ ಕೈಗೆ ಬಂದೂಕು ಕೊಡುವುದು. ಇನ್ನೊಂದು, ಬಯಲಿನವರಿಗೆ ಬೆಟ್ಟ ಕಲಿಸುವುದು.

ಹತ್ತಿ ಬಟ್ಟೆಯಲ್ಲಿ ಹಿಮಾಲಯಕ್ಕೆ

ಉತ್ತರ ಸಿಕ್ಕಿತು ಅಂದ ಮಾತ್ರಕ್ಕೆ ಪಾಠ ಕಲಿತಂತೆ ಅಲ್ಲ. 1962ರ ಅಕ್ಟೋಬರ್‌ನಲ್ಲಿ ಚೀನಾ ಜೊತೆ ಯುದ್ಧ ಶುರುವಾದಾಗ ಇವತ್ತಿನ ಅರುಣಾಚಲದ ನಮ್ಕಾ ಚು ತೊರೆಯ ಬಳಿ ನಮ್ಮ ಎಷ್ಟೋ ಸೈನಿಕರು ಹತ್ತಿ ಬಟ್ಟೆಯ ಸಮವಸ್ತ್ರದಲ್ಲಿದ್ದರು. ಕೈಯಲ್ಲಿ ಹಳೇ ಕಾಲದ .303 ರೈಫಲ್. ಬಯಲಿನಿಂದ ಬಂದವರನ್ನು ದೇಹ ಒಗ್ಗಲು ಬಿಡದೆ ಅವಸರದಲ್ಲಿ ಮೇಲೆ ಹತ್ತಿಸಲಾಗಿತ್ತು. ಗುಂಡು ತಗಲುವ ಮೊದಲೇ ಚಳಿ, ಉಸಿರಿನ ತೊಂದರೆಯಿಂದ ಬಿದ್ದವರಿದ್ದರು.

ಲಡಾಖ್ ಕಡೆ ರೆಜಾಂಗ್ ಲಾ. 16,000 ಅಡಿಗೂ ಮೇಲೆ. 13 ಕುಮಾವೋನ್ ಬೆಟಾಲಿಯನ್‌ನ ಚಾರ್ಲಿ ಕಂಪನಿಯನ್ನು ಮೇಜರ್ ಶೈತಾನ್ ಸಿಂಗ್ ಮುನ್ನಡೆಸುತ್ತಿದ್ದರು. ಹೆಚ್ಚಿನವರು ಹರಿಯಾಣದ ಬಯಲಿನ ರೈತರ ಮಕ್ಕಳು. ನವೆಂಬರ್ 18ರಂದು ನೂರಕ್ಕೂ ಹೆಚ್ಚು ಜನ ಅಲ್ಲೇ ಹೋರಾಡಿ ಪ್ರಾಣ ಬಿಟ್ಟರು. ಅವರಿಗೆ ಹಿಂದಿನಿಂದ ಫಿರಂಗಿಯ ನೆರವು ಸಿಗಲಿಲ್ಲ. ಯಾಕೆ ಗೊತ್ತಾ? ಫಿರಂಗಿ ಮತ್ತು ಅವರ ನಡುವೆ ಒಂದು ಬೆಟ್ಟದ ಸಾಲು ಅಡ್ಡ ಇತ್ತು. ಗುಂಡು ಅದನ್ನು ದಾಟಿ ಸರಿಯಾದ ಜಾಗಕ್ಕೆ ಬೀಳುವಂತಿರಲಿಲ್ಲ. ನಕ್ಷೆಯಲ್ಲಿ ನೋಡಿದರೆ ದೂರ ಏನೂ ಇಲ್ಲ. ಪರ್ವತದಲ್ಲಿ ನಕ್ಷೆಯ ದೂರ ನಂಬಬಾರದು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಮುಂದಿನ ವರ್ಷ ಹಿಮ ಕರಗುವ ಹೊತ್ತಿಗೆ ಅವರ ದೇಹಗಳು ಸಿಕ್ಕಿದಾಗ ಎಷ್ಟೋ ಜನರ ಕೈಯಲ್ಲಿ ಇನ್ನೂ ಆಯುಧ ಇತ್ತು.

ಈ ಯುದ್ಧ ಆದಮೇಲೆ ಸರ್ಕಾರ ಎಚ್ಚೆತ್ತಿತು. ಹತ್ತು ಮೌಂಟನ್ ಡಿವಿಷನ್ ಕಟ್ಟುವ ತೀರ್ಮಾನವಾಯಿತು. ಮೌಂಟನ್ ಡಿವಿಷನ್ ಅಂದರೆ ಹೆಸರಿಗೆ ಬೆಟ್ಟ ಸೇರಿಸಿದ್ದಲ್ಲ. ಅದರಲ್ಲಿ ಟ್ಯಾಂಕ್, ಲಾರಿ ಕಮ್ಮಿ, ಹೇಸರಗತ್ತೆ ಜಾಸ್ತಿ. ಫಿರಂಗಿಯೂ ಬಿಡಿಭಾಗ ಬಿಚ್ಚಿ ಹೇಸರಗತ್ತೆ ಬೆನ್ನಿಗೆ ಹೇರುವಂಥದ್ದು. ಭಾರತದಲ್ಲೇ ಮಾಡಿದ 75 ಮಿ.ಮೀ. ಪ್ಯಾಕ್ ಹೊವಿಟ್ಜರ್ ಹಾಗಿತ್ತು. ಹೆಲಿಕಾಪ್ಟರ್ ಬಂದಮೇಲೂ ಹೇಸರಗತ್ತೆಗೆ ಕೆಲಸ ತಪ್ಪಲಿಲ್ಲ. ತೆಳು ಗಾಳಿಯಲ್ಲಿ ಹೆಲಿಕಾಪ್ಟರ್ ಹೊರುವ ಭಾರವೂ ಕಮ್ಮಿಯಾಗುತ್ತದೆ, ಹವಾಮಾನ ಕೆಟ್ಟರೆ ಅದು ಹಾರುವುದೇ ಇಲ್ಲ.

ಇದೇ ಹೊತ್ತಿಗೆ, 1963ರ ಜೂನ್ 1ರಂದು, ಲಡಾಖ್ ಸ್ಕೌಟ್ಸ್ ಹುಟ್ಟಿತು. ಅಲ್ಲಿಯವರೆಗೆ ಲಡಾಖಿ ಹುಡುಗರು ಜಮ್ಮು ಕಾಶ್ಮೀರ ಮಿಲಿಷಿಯಾದ 7 ಮತ್ತು 14ನೇ ಬೆಟಾಲಿಯನ್‌ಗಳಲ್ಲಿ ಹಂಚಿಹೋಗಿದ್ದರು. ಅವರನ್ನು ಬೇರೆ ಮಾಡಿ ಹೊಸ ಪಡೆ ಕಟ್ಟಿದರು. ಬೌದ್ಧರು, ಮುಸ್ಲಿಮರು ಒಂದೇ ತುಕಡಿಯಲ್ಲಿ. ಲಾಂಛನದಲ್ಲಿ ಕಡಿದಾದ ಬಂಡೆಯಲ್ಲಿ ಲೀಲಾಜಾಲವಾಗಿ ಓಡುವ ಐಬೆಕ್ಸ್ ಎಂಬ ಕಾಡುಮೇಕೆ. ಯುದ್ಧಘೋಷ ‘ಕಿ ಕಿ ಸೋ ಸೋ ಲ್ಹರ್ಗ್ಯಾಲೋ’, ದೇವರಿಗೆ ಜಯವಾಗಲಿ ಅಂತ. ಕಣಿವೆದಾರಿಯ ತುದಿ ತಲುಪಿದಾಗ ಲಡಾಖಿಗಳು ಕೂಗುವ ಮಾತೂ ಅದೇ.

ಅದೇ ಕಾಲದಲ್ಲಿ ಸೈನ್ಯದ ವೈದ್ಯರು ಇನ್ನೊಂದು ಕೆಲಸ ಮಾಡಿದರು. ಎತ್ತರದಲ್ಲಿ ಕಾಯಿಲೆ ಬಿದ್ದ ಸಾವಿರಾರು ಸೈನಿಕರನ್ನು ಪರೀಕ್ಷಿಸಿ ದಾಖಲೆ ಮಾಡಿದರು. ಇಂದರ್ ಸಿಂಗ್ ಮತ್ತು ಅವರ ಜೊತೆಗಾರರು 1960ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳನ್ನು ಜಗತ್ತಿನ ವೈದ್ಯರು ಈಗಲೂ ನೋಡುತ್ತಾರೆ. ಎಷ್ಟು ಎತ್ತರದಲ್ಲಿ ಎಷ್ಟು ದಿನ ನಿಲ್ಲಬೇಕು ಅನ್ನುವ ನಿಯಮಗಳ ಹಿಂದೆ ಇಂಥ ಅನುಭವವೇ ಇದೆ.

ಟರ್ಟುಕ್, ಸಿಯಾಚಿನ್, ಕಾರ್ಗಿಲ್

1971ರಲ್ಲಿ ಬಾಂಗ್ಲಾ ಯುದ್ಧದ ಸುದ್ದಿ ನಡುವೆ ಉತ್ತರದ ಮೂಲೆಯಲ್ಲಿ ನಡೆದದ್ದು ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಮೇಜರ್ ಆಗಿದ್ದ ರಿಂಚೆನ್ ತಮ್ಮ ಹಳೇ ಕಣಿವೆಗೇ ವಾಪಸ್ ಬಂದಿದ್ದರು. ಡಿಸೆಂಬರ್ ಚಳಿಯಲ್ಲಿ ಸ್ಕೌಟ್ಸ್ ಮತ್ತು ನುಬ್ರಾ ಗಾರ್ಡ್ಸ್ ಜೊತೆ ಶ್ಯೋಕ್ ನದಿಯ ಪಕ್ಕದಲ್ಲೇ ಮುಂದುವರಿದರು. ಕಣಿವೆಯ ತಳದಲ್ಲಿ ನೇರ ಹೋಗುವ ಬದಲು ರಾತ್ರಿ ಗುಡ್ಡದ ನೆತ್ತಿ ಹತ್ತಿ, ಎದುರಾಳಿಯ ತಲೆಮೇಲಿಂದ ಬಂದರು. ಚಲುಂಕಾ, ಟರ್ಟುಕ್, ತ್ಯಾಕ್ಷಿ, ಥಾಂಗ್ ಹಳ್ಳಿಗಳು ಒಂದೊಂದಾಗಿ ಭಾರತಕ್ಕೆ ಸೇರಿದವು. ಸುಮಾರು 800 ಚದರ ಕಿ.ಮೀ. ಜಾಗ. ಕದನವಿರಾಮ ಆಗದಿದ್ದರೆ ಇನ್ನೂ ಮುಂದೆ ಹೋಗುತ್ತಿದ್ದರೇನೋ. ರಿಂಚೆನ್‌ಗೆ ಎರಡನೇ ಸಲ ಮಹಾವೀರ ಚಕ್ರ. ಇವತ್ತು ಪ್ರವಾಸಿಗರು ಏಪ್ರಿಕಾಟ್ ತಿಂದು ಫೋಟೋ ತೆಗೆಸಿಕೊಂಡು ಬರುವ ಟರ್ಟುಕ್ ಅದೇ.

1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತ್. ಕುಮಾವೋನ್ ರೆಜಿಮೆಂಟಿನ ಜೊತೆ ಲಡಾಖ್ ಸ್ಕೌಟ್ಸ್ ಕೂಡ ಸಿಯಾಚಿನ್ ಪಕ್ಕದ ಕಣಿವೆದಾರಿಗಳನ್ನು ಹಿಡಿಯಲು ಹೋಯಿತು. ಇದಕ್ಕೆ ದಾರಿ ಮಾಡಿದ್ದು 1978ರಲ್ಲಿ ಹಾಸ್‌ನ ಮುಖ್ಯಸ್ಥರಾಗಿದ್ದ ನರೇಂದ್ರ ‘ಬುಲ್’ ಕುಮಾರ್ ಅವರ ಪರ್ವತಾರೋಹಣ. ಹಿಮಕಡಿತದಿಂದ ಕಾಲ್ಬೆರಳು ಕಳೆದುಕೊಂಡ ಮೇಲೂ ಬೆಟ್ಟ ಹತ್ತುವುದು ಬಿಡದ ಮನುಷ್ಯ. ಅಂದರೆ 1948ರ ಎರಡೂ ಉತ್ತರಗಳು, ಊರ ಹುಡುಗರು ಮತ್ತು ತಿಮ್ಮಯ್ಯನವರ ಶಾಲೆ, ಸಿಯಾಚಿನ್‌ನಲ್ಲಿ ಒಟ್ಟಿಗೆ ಸೇರಿದವು.

ಇಷ್ಟೆಲ್ಲ ಆದಮೇಲೂ 1999ರಲ್ಲಿ ಅದೇ ತಪ್ಪಿನ ಸ್ವಲ್ಪ ಭಾಗ ಮತ್ತೆ ಆಯಿತು. ಕಾರ್ಗಿಲ್ ಶಿಖರಗಳ ಮೇಲೆ ನುಸುಳಿದವರು ಕೂತಿದ್ದಾರೆ ಅಂತ ಗೊತ್ತಾದಾಗ ಕಾಶ್ಮೀರ ಕಣಿವೆಯಲ್ಲಿದ್ದ ಪಡೆಗಳನ್ನು ತುರ್ತಾಗಿ ದ್ರಾಸ್‌ಗೆ ಸಾಗಿಸಿದರು. ಆ ಎತ್ತರಕ್ಕೆ ಬೇಕಾದ ಬಟ್ಟೆ, ಬೂಟು ಎಲ್ಲರಿಗೂ ಇರಲಿಲ್ಲ. ದೇಹ ಒಗ್ಗಿಸಿಕೊಳ್ಳಲು ಪೂರಾ ಸಮಯವೂ ಸಿಗಲಿಲ್ಲ. ತೋಲೋಲಿಂಗ್ ಹತ್ತಲು ವಾರಗಟ್ಟಲೆ ಪ್ರಯತ್ನ ನಡೆಯಿತು. ಜೂನ್ 13ಕ್ಕೆ 2 ರಾಜಪುತಾನಾ ರೈಫಲ್ಸ್ ಕೊನೆಗೂ ಅದನ್ನು ಗೆದ್ದಿತು. ನಂದಿದುರ್ಗದ ಹಾಗೆಯೇ ಇಲ್ಲೂ ಫಿರಂಗಿ ದಾರಿ ಮಾಡಿಕೊಟ್ಟಿತು. ತೆಳು ಗಾಳಿ ಬೋಫೋರ್ಸ್‌ಗೆ ಮಾತ್ರ ಉಪಕಾರ ಮಾಡುತ್ತದೆ, ತಡೆ ಕಮ್ಮಿ ಇರುವುದರಿಂದ ಗುಂಡು ಇನ್ನೂ ದೂರ ಹೋಗುತ್ತದೆ. ಹಾಗಂತ ಬಯಲಿನ ಲೆಕ್ಕ ಇಟ್ಟುಕೊಂಡು ಹೊಡೆದರೆ ಗುರಿ ತಪ್ಪುತ್ತದೆ, ಎತ್ತರಕ್ಕೆ ತಕ್ಕಂತೆ ಲೆಕ್ಕ ಮತ್ತೆ ಹಾಕಬೇಕು.

ಲಡಾಖ್ ಸ್ಕೌಟ್ಸ್ ಕಥೆ ಆಗ ಬೇರೆಯೇ ಇತ್ತು. ಮೇಜರ್ ಸೋನಮ್ ವಾಂಗ್ಚುಕ್ (ಶಿಕ್ಷಣದ ಕೆಲಸದಿಂದ ಹೆಸರಾದ ಸೋನಮ್ ವಾಂಗ್ಚುಕ್ ಬೇರೆ, ಗೊಂದಲ ಬೇಡ) ಮೇ ಕೊನೆಯಲ್ಲಿ ಕೆಲವೇ ಹತ್ತಾರು ಜನರ ಜೊತೆ 18,000 ಅಡಿ ಆಸುಪಾಸಿನ ಚೋರ್ಬಟ್ ಲಾ ಕಡೆ ಹೊರಟರು. ದಾರಿಯಲ್ಲಿ ಹೊಂಚುದಾಳಿ ಆಯಿತು. ಫಿರಂಗಿಯ ನೆರವು ಇರಲಿಲ್ಲ. ಆದರೂ ಹಿಮದ ಗೋಡೆಯಂಥ ಇಳಿಜಾರು ಹತ್ತಿ ಆ ಸಾಲನ್ನು ವಶಕ್ಕೆ ತೆಗೆದುಕೊಂಡರು. ಅವರಿಗೂ ಮಹಾವೀರ ಚಕ್ರ ಬಂತು. ಮುಂದೆ ಸ್ಕೌಟ್ಸ್‌ಗೆ ಪೂರ್ಣ ಪ್ರಮಾಣದ ರೆಜಿಮೆಂಟ್ ಸ್ಥಾನ ಸಿಕ್ಕಿತು. ಈಗ ಅದರಲ್ಲಿ ಐದು ಬೆಟಾಲಿಯನ್. 2017ರ ಆಗಸ್ಟ್‌ನಲ್ಲಿ ಲೇಹ್‌ನಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಧ್ವಜ ಪ್ರದಾನ ಮಾಡಿದರು. ಶ್ಯೋಕ್ ನದಿಗೆ 2019ರಲ್ಲಿ ಕಟ್ಟಿದ 1,400 ಅಡಿ ಉದ್ದದ ಸೇತುವೆಗೆ ಕರ್ನಲ್ ಚೆವಾಂಗ್ ರಿಂಚೆನ್ ಸೇತು ಅಂತಲೇ ಹೆಸರು.

ನಮ್ಮ ಜಿಲ್ಲೆಯವರಿಗೆ ಇಲ್ಲಿ ಜಾಗ ಇದೆಯಾ?

ಸೈನಿಕನಾಗಿ ಲಡಾಖ್ ಸ್ಕೌಟ್ಸ್ ಸೇರಲು ಲಡಾಖಿನವರೇ ಆಗಿರಬೇಕು. ಅಧಿಕಾರಿಗಳಿಗೆ ಆ ಕಟ್ಟುಪಾಡು ಇಲ್ಲ. ಕೋಲಾರದ ಹುಡುಗ ಅಧಿಕಾರಿಯಾಗಿ ಆ ಪಡೆಗೆ ಹೋಗಬಹುದು. ಆದರೆ ಹಿಮಾಲಯ ಸ್ಕೌಟ್ಸ್ ಒಬ್ಬರದ್ದೇ ಕೆಲಸ ಅಲ್ಲ. ಸಿಯಾಚಿನ್‌ಗೆ ಎಲ್ಲ ರೆಜಿಮೆಂಟಿನ ಬೆಟಾಲಿಯನ್‌ಗಳೂ ಸರದಿ ಪ್ರಕಾರ ಹೋಗುತ್ತವೆ, ಮದ್ರಾಸ್ ರೆಜಿಮೆಂಟ್ ಕೂಡ. 2016ರ ಫೆಬ್ರವರಿ 3ರಂದು 19,600 ಅಡಿ ಎತ್ತರದ ಸೋನಮ್ ಪೋಸ್ಟ್ ಮೇಲೆ ಹಿಮ ಕುಸಿದಾಗ ಅಲ್ಲಿದ್ದವರು 19 ಮದ್ರಾಸ್‌ನ ಹತ್ತು ಜನ. ಆರನೇ ದಿನ ಹಿಮದಡಿ ಜೀವಂತ ಸಿಕ್ಕಿ, ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಧಾರವಾಡ ಜಿಲ್ಲೆಯ ಬೆಟದೂರಿನವರು. ಬಯಲುಸೀಮೆಯವರು.

ಹಾಗಾದರೆ ನಮ್ಮ ಕಡೆಯ ಒಬ್ಬ ಹುಡುಗನನ್ನು ಅಷ್ಟು ಎತ್ತರಕ್ಕೆ ಹೇಗೆ ತಯಾರು ಮಾಡುತ್ತಾರೆ? ಮೂರು ಹಂತ. 9,000ದಿಂದ 12,000 ಅಡಿಯ ನಡುವೆ ಆರು ದಿನ. ಆಮೇಲೆ 15,000 ಅಡಿಯವರೆಗಿನ ಎತ್ತರಕ್ಕೆ ನಾಲ್ಕು ದಿನ. ಅದರ ಮೇಲೆ ಮತ್ತೆ ನಾಲ್ಕು ದಿನ. ಮೊದಲ ಹಂತದ ಮೊದಲೆರಡು ದಿನ ಪೂರಾ ವಿಶ್ರಾಂತಿ, ಅಷ್ಟೇ. ಓಟ ಇಲ್ಲ, ಭಾರ ಇಲ್ಲ. ಮೂರು, ನಾಲ್ಕನೇ ದಿನ ಸಮತಟ್ಟಿನಲ್ಲಿ ನಿಧಾನವಾಗಿ ನಡೆಯುವುದು. ಐದು, ಆರನೇ ದಿನ ಐದು ಕಿ.ಮೀ. ತನಕ ನಡಿಗೆ, ಸ್ವಲ್ಪ ಏರು. ಯಾರಿಗಾದರೂ ತಲೆನೋವು ಜಾಸ್ತಿಯಾದರೆ ಮೇಲೆ ಹೋಗುವ ಪ್ರಶ್ನೆಯೇ ಇಲ್ಲ. ಇನ್ನೊಂದು ನಿಯಮ ರಜೆಗೆ ಸಂಬಂಧಿಸಿದ್ದು. ಊರಿಗೆ ಬಂದು ಹಬ್ಬ, ಮದುವೆ ಮುಗಿಸಿಕೊಂಡು ತಿಂಗಳ ಮೇಲೆ ವಾಪಸ್ ಹೋದರೆ, ಎಷ್ಟೇ ಹಳಬನಾದರೂ ಆರು ದಿನದ ಆ ಮೊದಲ ಹಂತದಿಂದಲೇ ಮತ್ತೆ ಶುರು ಮಾಡಬೇಕು.